ಮುಗ್ಗಿದ ಜೋಳ, ಸೂರತ್ ಸೀರೆ

'ಅಗ್ಗ ಅಂತ ಮುಗ್ಗಿದ ಜೋಳ ತಂದ ಹಾಗೆ' ಅನ್ನೋ ಮಾತು ನಮ್ಮ ಮನೆಗಳಲ್ಲಿ ಎಲ್ಲರ ಬಾಯಲ್ಲೂ ಇದೆ. ಗೊತ್ತಿದ್ದೂ ಗೊತ್ತಿದ್ದೂ ಜನ ಮುಗ್ಗಿದ ಜೋಳವನ್ನೇ ಯಾಕೆ ತರುತ್ತಾರೆ? ದೊಡ್ಡಬಳ್ಳಾಪುರದ ಕಡೆಯಿಂದ ಕಾಲೇಜಿಗೆ ಬರುವ ನಮಗೆ ಇದು ಬರೀ ಹರಟೆಯ ಪ್ರಶ್ನೆ ಅಲ್ಲ. ನಮ್ಮಲ್ಲಿ ಕೆಲವರ ಫೀಸು ಕಟ್ಟುತ್ತಿರುವುದು ಮನೆಯಲ್ಲಿ ಓಡುವ ಪವರ್‌ಲೂಮ್ ಮಗ್ಗಗಳು. ಊರಿಗೆ ಬಂದ ನೆಂಟರಿಗೆ ಮಗ್ಗದ ಸದ್ದಿಗೆ ನಿದ್ದೆ ಬರಲ್ಲ. ನಮಗೆ ಸದ್ದು ನಿಂತರೆ ಎಚ್ಚರ ಆಗುತ್ತೆ. ಈಚೆಗೆ ಕೆಲವು ಬೀದಿಗಳಲ್ಲಿ ಆ ಸದ್ದು ನಿಂತೇ ಹೋಗಿದೆ. ಮಗ್ಗಗಳು ಕಬ್ಬಿಣದ ತೂಕಕ್ಕೆ ಗುಜರಿ ಸೇರಿವೆ.

ಕಾರಣ ಕೇಳಿದರೆ ಎಲ್ಲರೂ ಹೇಳುವ ಹೆಸರು ಒಂದೇ: ಸೂರತ್. ನಮ್ಮೂರಿನ ಡಿಸೈನನ್ನೇ ಹೋಲುವ ಸೀರೆ ಅಲ್ಲಿಂದ ಲೋಡುಗಟ್ಟಲೆ ಬರುತ್ತದೆ, ನಮ್ಮೂರ ಮಗ್ಗದಿಂದ ಇಳಿಸಿದ ಸೀರೆಗಿಂತ ಕಡಿಮೆ ರೇಟಿಗೆ. ಇದನ್ನು ತಡೆಯಿರಿ ಅಂತ ನೇಕಾರರು ಬೀದಿಗಿಳಿದಿದ್ದೂ ಉಂಟು. ಹಿರಿಯರು ಕೊನೆಗೆ ಬೈಯುವುದು ಮಾತ್ರ ಕೊಳ್ಳುವವರನ್ನೇ: 'ಜನಕ್ಕೆ ಮಾಲಿನ ಬೆಲೆ ಗೊತ್ತಿಲ್ಲ ಕಣಯ್ಯ.' ಈ ಮಾತು ಅರ್ಧ ನಿಜ ಅಂತ ನಮಗನ್ನಿಸುತ್ತದೆ. ಉಳಿದರ್ಧ ನೋಡೋಣ.

ಮೊದಲು ಸ್ವಲ್ಪ ಲೆಕ್ಕ. ಸೀರೆಯಲ್ಲಿ ಉದ್ದಕ್ಕೆ ಓಡುವ ಎಳೆ ಹಾಸು, ಅಡ್ಡಕ್ಕೆ ಓಡುವ ಎಳೆ ಹೊಕ್ಕು. ಒಂದು ಇಂಚಿಗೆ ಎಷ್ಟು ಹೊಕ್ಕು ಬಿತ್ತು ಅನ್ನುವುದನ್ನು ಪಿಕ್ ಅಂತ ಎಣಿಸುತ್ತಾರೆ. ರವಿಕೆ ಬಟ್ಟೆ ಸೇರಿ ಸೀರೆ 6.25 ಮೀಟರ್, ಅಂದರೆ ಸುಮಾರು 246 ಇಂಚು ಅಂತ ಇಟ್ಟುಕೊಳ್ಳಿ. ಇಂಚಿಗೆ 60 ಪಿಕ್ ಹಾಕಿದರೆ ಒಟ್ಟು 14,760 ಹೊಕ್ಕು. ಲಾಳಿ ಮಗ್ಗ ನಿಮಿಷಕ್ಕೆ 120 ಪಿಕ್ ಓಡಿದರೆ, ಎಲ್ಲೂ ಎಳೆ ಕಡಿಯದೆ ಇದ್ದರೂ, ಎರಡು ಗಂಟೆ ಮೇಲೆ ಮೂರು ನಿಮಿಷ ಬೇಕು. ಅದನ್ನೇ 45 ಪಿಕ್‌ಗೆ ಇಳಿಸಿ: ಒಂದೂವರೆ ಗಂಟೆಯಲ್ಲಿ ಸೀರೆ ರೆಡಿ. ಹೊಕ್ಕಿನ ನೂಲಿನಲ್ಲಿ ಕಾಲು ಭಾಗ ಉಳಿತಾಯ, ಕರೆಂಟೂ ಉಳಿತಾಯ. ಇಸ್ತ್ರಿ ಹೊಡೆದು, ಮಡಿಸಿ, ಪ್ಲಾಸ್ಟಿಕ್ ಕವರಿನಲ್ಲಿಟ್ಟರೆ ಎರಡೂ ಅಕ್ಕತಂಗಿಯರ ಹಾಗೆ ಕಾಣುತ್ತವೆ. ವ್ಯತ್ಯಾಸ ಗೊತ್ತಾಗುವುದು ನಾಲ್ಕು ಸಲ ಉಟ್ಟು ಒಗೆದ ಮೇಲೆ, ಎಳೆ ಸರಿದಾಗ. ಇನ್ನು ರೇಪಿಯರ್ ಮಗ್ಗ ನಿಮಿಷಕ್ಕೆ 300ಕ್ಕೂ ಹೆಚ್ಚು ಪಿಕ್ ಓಡುತ್ತದೆ. ಅದರ ಮುಂದೆ ಲಾಳಿ ಮಗ್ಗ ಎಷ್ಟು ಓಡಿದರೂ ಹಿಂದೆಯೇ.

ಈಗ ಅಂಗಡಿ ಮುಂದೆ ನಿಂತ ಗಿರಾಕಿಯನ್ನು ಯೋಚಿಸಿ. ಅವರ ಕಣ್ಣಿಗೆ ಪಿಕ್ ಕಾಣಲ್ಲ, ಬೆಲೆ ಕಾಣುತ್ತದೆ. ಎರಡೂ ಒಂದೇ ಥರ ಕಂಡಾಗ ಹೆಚ್ಚಿಗೆ ಕೊಡುವುದು ಯಾವ ಜಾಣತನ? ಈ ಸಂಗತಿಯನ್ನು ಜಾರ್ಜ್ ಅಕರ್ಲಾಫ್ ಅನ್ನೋ ಅರ್ಥಶಾಸ್ತ್ರಜ್ಞ 1970ರಲ್ಲಿ ಹಳೇ ಕಾರುಗಳ ಉದಾಹರಣೆ ಕೊಟ್ಟು ಬರೆದರು. ಮಾಲು ಒಳ್ಳೇದೋ ಕೆಟ್ಟದ್ದೋ ಅಂತ ಮಾರುವವನಿಗೆ ಮಾತ್ರ ಗೊತ್ತಿದ್ದರೆ, ಕೊಳ್ಳುವವನು ಒಳ್ಳೇ ಮಾಲಿನ ಬೆಲೆ ಕೊಡಲು ಹೆದರುತ್ತಾನೆ. ಆ ಬೆಲೆ ಸಿಗದ ಒಳ್ಳೇ ಮಾಲು ಸಂತೆ ಬಿಟ್ಟು ಹೋಗುತ್ತದೆ, ಕೆಟ್ಟದ್ದು ಉಳಿಯುತ್ತದೆ. 2001ರಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮೂರ ನೇಕಾರರಿಗೆ ಈ ಸಿದ್ಧಾಂತ ಓದದೆಯೇ ಗೊತ್ತು. 'ಆ ರೇಟಿಗೆ ಕೊಡೋದಾದ್ರೆ ಕೊಡಿ' ಅಂತ ವ್ಯಾಪಾರಿ ಅಂದಾಗ ಅವರಿಗೆ ಎರಡೇ ದಾರಿ: ಮಗ್ಗ ನಿಲ್ಲಿಸೋದು, ಇಲ್ಲಾ ತಾವೂ ಪಿಕ್ ಇಳಿಸೋದು. ಪಿಕ್ ಇಳಿಸಿದ ದಿನ ನಮ್ಮ ಸೀರೆಯೂ ಮುಗ್ಗಿದ ಜೋಳವೇ.

ಎರಡನೇ ಕಾರಣ ಕೈಯಲ್ಲಿರುವ ಕಾಸು. 600 ರೂಪಾಯಿ ಸೀರೆ 10 ಸಲ ಉಟ್ಟರೆ ಸಲಕ್ಕೆ 60 ಬಿತ್ತು. 3,000ದ ಸೀರೆ 100 ಸಲ ಉಟ್ಟರೆ ಸಲಕ್ಕೆ 30. ಲೆಕ್ಕದಲ್ಲಿ ಎರಡನೆಯದೇ ಸೋವಿ. ಆದರೆ ಇವತ್ತು ಕೈಯಲ್ಲಿರೋದು 700 ಆದರೆ? ಗಾರ್ಮೆಂಟ್ಸ್‌ಗೆ ಹೋಗುವ ಅಕ್ಕಂದಿರಿಗೆ, ತೋಟದ ಕೂಲಿಗೆ ಹೋಗುವವರಿಗೆ ಈ ಲೆಕ್ಕ ಬರಲ್ಲ ಅಂತಲ್ಲ. ಬರುತ್ತೆ ಅಂತಲೇ ಹೆಂಗಸರು ಸೀರೆ ಚೀಟಿ ಕಟ್ಟೋದು. ತಿಂಗಳಿಗಿಷ್ಟು ಅಂತ ಹಾಕಿ, ಸರದಿ ಬಂದಾಗ ಒಂದು ಒಳ್ಳೇ ರೇಷ್ಮೆ ಸೀರೆ. ಚೀಟಿ ಅಂದರೆ ಬಾಳಿಕೆ ಬರುವ ಮಾಲಿಗೆ ಬಡವರು ತಾವೇ ಕಟ್ಟಿಕೊಂಡ ಸೇತುವೆ.

ಮೂರನೇ ಕಾರಣ ಸ್ವಲ್ಪ ತಮಾಷೆಯದು. ಅಗ್ಗದ ಸೀರೆ ಎಷ್ಟೋ ಸಲ ಉಡೋಕೆ ಕೊಂಡಿದ್ದೇ ಅಲ್ಲ, ಕೊಡೋಕೆ ಕೊಂಡಿದ್ದು. ಮದುವೆ, ಗೃಹಪ್ರವೇಶ, ಸೀಮಂತ ಬಂದರೆ ಇಪ್ಪತ್ತು ಮೂವತ್ತು ಸೀರೆ ಒಟ್ಟಿಗೆ ಬೇಕು. 'ಕೊಡೋ ಸೀರೆ ತೋರಿಸಿ' ಅಂದರೆ ಸಾಕು, ಅಂಗಡಿಯವರು ಬೇರೆ ಕಪಾಟೇ ತೆಗೆಯುತ್ತಾರೆ. ಅರಿಶಿನ ಕುಂಕುಮದ ಜೊತೆ ಕೊಡುವ ರವಿಕೆ ಕಣವಂತೂ ಹೊಲಿಗೆಯನ್ನೇ ಕಾಣದೆ ಮನೆಯಿಂದ ಮನೆಗೆ ಸುತ್ತುತ್ತದೆ. ಒಮ್ಮೊಮ್ಮೆ ಕೊಟ್ಟವರ ಮನೆಗೇ ವಾಪಸ್ಸು! ಕೊಳ್ಳುವವರೇ ಬೇರೆ, ಉಡುವವರೇ ಬೇರೆ ಆದಾಗ ಬಾಳಿಕೆಯನ್ನು ಯಾರೂ ಕೇಳಲ್ಲ. ಇಲ್ಲಿ ಮಾಲಿನ ಕೆಲಸ ಮರ್ಯಾದೆ ಉಳಿಸುವುದು, ಅಷ್ಟೇ.

ಸೂರತ್ ಅನ್ನೇ ಬೈದು ಮುಗಿಸುವುದೂ ಸರಿಯಲ್ಲ. ಅಲ್ಲೂ ಒಳ್ಳೇ ಮಾಲಿದೆ, ಅಲ್ಲೂ ಕೂಲಿಯವರಿದ್ದಾರೆ. ಇನ್ನೊಂದು ಮಾತು: ನಮ್ಮ ಪವರ್‌ಲೂಮೇ ಒಂದು ಕಾಲಕ್ಕೆ ಕೈಮಗ್ಗದ ಪಾಲಿಗೆ ಸೂರತ್ ಆಗಿತ್ತು. ವಿದ್ಯುತ್ ಮಗ್ಗಗಳ ಅಗ್ಗದ ಬಟ್ಟೆಯಿಂದ ಕೈಮಗ್ಗವನ್ನು ಕಾಪಾಡಲು ಕೇಂದ್ರ ಸರ್ಕಾರ 1985ರಲ್ಲಿ ಕಾಯ್ದೆಯನ್ನೇ ತಂದಿತು. ಕೈಮಗ್ಗಕ್ಕೆ ಅಂತ ಮೀಸಲಿಟ್ಟ 11 ಬಗೆಯ ಬಟ್ಟೆಗಳ ಪಟ್ಟಿ ಈಗಲೂ ಇದೆ. ಅಂದರೆ ಅಗ್ಗದ ಹೊಡೆತ ಕೊಡುವವರು, ತಿನ್ನುವವರು ಬದಲಾಗುತ್ತಲೇ ಇರುತ್ತಾರೆ.

ಹಾಗಾದರೆ ಜನ ಯಾವಾಗ ಹೆಚ್ಚು ಬೆಲೆ ಕೊಡುತ್ತಾರೆ? ಚಿನ್ನದಂಗಡಿ ನೋಡಿ. ಬಡವರಾದಿಯಾಗಿ ಯಾರೂ ಅಲ್ಲಿ 'ಕಳಪೆ ಆದ್ರೂ ಪರವಾಗಿಲ್ಲ, ಅಗ್ಗದ್ದು ಕೊಡಿ' ಅನ್ನಲ್ಲ. 2021ರಿಂದ ಹಾಲ್‌ಮಾರ್ಕ್ ಹಂತ ಹಂತವಾಗಿ ಕಡ್ಡಾಯವಾಗಿದೆ. ಒಡವೆ ಮೇಲಿನ ಆರು ಅಕ್ಷರ-ಅಂಕಿಗಳ ಗುರುತನ್ನು ಬಿಐಎಸ್ ಕೇರ್ ಆ್ಯಪ್‌ಗೆ ಹಾಕಿದರೆ ಶುದ್ಧತೆ ಗೊತ್ತಾಗುತ್ತದೆ. ಮೈಸೂರು ಸಿಲ್ಕ್ ಕೂಡ ಹಾಗೇ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ ಶುರುವಾದ ಕಾರ್ಖಾನೆ, 2005ರಲ್ಲಿ ಭೌಗೋಳಿಕ ಸೂಚಿಕೆ, ಸೀರೆಗೊಂದು ನಂಬರ್. ಅದರ ಅಂಗಡಿ ಮುಂದೆ ಜನ ಬೆಳಗ್ಗೆಯೇ ಕ್ಯೂ ನಿಲ್ಲುವುದು ಸುದ್ದಿಯಾಗಿದೆ. ಅವರೂ ನಮ್ಮ ಜನವೇ ತಾನೆ? ನಂಬಿಕೆ ಇದ್ದ ಕಡೆ, ಕೈಲಾದವರು ಬೆಲೆ ಕೊಡುತ್ತಾರೆ.

ಶುದ್ಧ ರೇಷ್ಮೆಗೆ 2004ರಿಂದ ಸಿಲ್ಕ್ ಮಾರ್ಕ್ ಇದೆ. ಆದರೆ ಅದು ನೂಲು ರೇಷ್ಮೆಯೇ ಅಂತ ಹೇಳುತ್ತದೆ, ಪಿಕ್ ಎಷ್ಟು, ಬಣ್ಣ ನಿಲ್ಲುತ್ತದಾ ಅಂತ ಹೇಳಲ್ಲ. ನಮ್ಮೂರಲ್ಲಿ ನೇಯುವ ಆರ್ಟ್ ಸಿಲ್ಕ್ ಸೀರೆ ಕೊಳ್ಳುವವರಿಗೆ ಆ ಗುರುತೂ ಇಲ್ಲ. ಇದು ನಮ್ಮಂಥ ಇಂಜಿನಿಯರಿಂಗ್ ಹುಡುಗ ಹುಡುಗಿಯರು ಕೈಹಾಕಬಹುದಾದ ಕೆಲಸ. ಮೊಬೈಲ್ ಕ್ಯಾಮೆರಾಗೆ ಒಂದು ಸಣ್ಣ ಭೂತಗನ್ನಡಿ ಸಿಕ್ಕಿಸಿ ಒಂದು ಇಂಚಿನ ಎಳೆ ಎಣಿಸುವ ಪ್ರೋಗ್ರಾಂ ಬರೆಯುವುದು ಕೊನೇ ವರ್ಷದ ಪ್ರಾಜೆಕ್ಟಿಗೆ ದೊಡ್ಡ ವಿಷಯವೇನಲ್ಲ. ಸೀರೆಯ ಮೂಲೆಯಲ್ಲಿ ಪಿಕ್ ಎಷ್ಟು, ನೂಲು ಯಾವುದು, ನೇಯ್ದದ್ದು ಎಲ್ಲಿ ಅಂತ ಒಂದು ಚೀಟಿ ಹೊಲಿದರೆ, 45 ಪಿಕ್ಕಿನ ಸೀರೆ 45ರ ಬೆಲೆಗೆ, 60ರದ್ದು 60ರ ಬೆಲೆಗೆ ಹೋಗಲಿ. ಅಗ್ಗದ್ದು ಬೇಕಾದವರು ತಿಳಿದೇ ಅಗ್ಗದ್ದು ತಗೊಳ್ಳಲಿ.

ಅಲ್ಲಿಯವರೆಗೆ ಒಂದು ಉಪಾಯ. ಅಂಗಡಿಯಲ್ಲಿ ಸೀರೆ ಬಿಚ್ಚಿಸಿ ಅಂಚಿನ ತುದಿ ನೋಡಿ. ಲಾಳಿ ಮಗ್ಗದಲ್ಲಿ ಹೊಕ್ಕಿನ ಎಳೆ ತುದಿಯಲ್ಲಿ ತಿರುಗಿ ವಾಪಸ್ಸು ಬರುತ್ತದೆ, ಅಂಚು ಕಟ್ಟು ಹಾಕಿದ ಹಾಗೆ ಗಟ್ಟಿ. ರೇಪಿಯರ್‌ನಲ್ಲಿ ಪ್ರತಿ ಎಳೆಯೂ ತುದಿಗೆ ಕತ್ತರಿಸಿರುತ್ತದೆ, ಕುಚ್ಚಿನ ಹಾಗೆ ಕಾಣುತ್ತದೆ. ಆಮೇಲೆ ಬಟ್ಟೆಯನ್ನು ಬೆಳಕಿಗೆ ಹಿಡಿದು ನೇಯ್ಗೆ ಎಷ್ಟು ಒತ್ತಾಗಿದೆ ನೋಡಿ. ಮುಂದಿನ ಮದುವೆಗೆ ಸೀರೆ ತರೋಕೆ ಹೋಗುವ ಅಮ್ಮಂದಿರಿಗೆ ಇಷ್ಟು ಹೇಳಿಕೊಟ್ಟರೂ ನಮ್ಮ ಬೀದಿಯ ಒಂದು ಮಗ್ಗ ಇನ್ನೊಂದು ಹಾಸು ಏರಿಸೀತು.