ಹುಟ್ಟು ಹಾಕಿ ಬಂದ ಮುದುಕ

ಮನುಷ್ಯನ ಆಕಾರದ ಬೇರೊಂದಿದೆ ಎಂದು ಅಕ್ಕನ ಮಗಳು ಹೇಳಿದಾಗ ನಾನು ನಂಬಿರಲಿಲ್ಲ. ಅಮೆರಿಕದ ಪ್ರಾವಿಡೆನ್ಸ್ ಊರಿನ ಜಾನ್ ಬ್ರೌನ್ ಮನೆ ಈಗ ವಸ್ತುಸಂಗ್ರಹಾಲಯ. ಒಂದು ಕಾಲಕ್ಕೆ ಕುದುರೆಗಾಡಿ ನಿಲ್ಲಿಸುತ್ತಿದ್ದ ಅದರ ಹಿತ್ತಿಲ ಕಟ್ಟಡದಲ್ಲಿ, ಆ ಬೇರಿನ ಎದುರು ನಿಂತ ಮೇಲೆ ನಂಬಲೇಬೇಕಾಯಿತು. ಕಂದು ಬಣ್ಣ, ಒಣಗಿ ಸುಕ್ಕಾದ ಮೈ. ಬೆನ್ನುಮೂಳೆಯ ಹಾಗೆ ಕೆಳಗಿಳಿದು, ಸೊಂಟದ ಹತ್ತಿರ ಕವಲೊಡೆದು ಎರಡು ಕಾಲಾಗಿ, ಮಂಡಿಯಲ್ಲಿ ಬಾಗಿ, ತುದಿಯಲ್ಲಿ ಪಾದದಂತೆ ಮೇಲಕ್ಕೆ ತಿರುಗಿದೆ. ಸೇಬಿನ ಮರದ ಬೇರು. ಊರು ಕಟ್ಟಿದ ರೋಜರ್ ವಿಲಿಯಮ್ಸ್‌ನ ಗೋರಿಯನ್ನು 1860ರಲ್ಲಿ ಅಗೆದಾಗ ಜನರಿಗೆ ದೇಹ ಸಿಗಲಿಲ್ಲ. ಅವನು ಮಲಗಿದ್ದ ಜಾಗದಲ್ಲಿ ಇದು ಸಿಕ್ಕಿತು. ಮರ ಅವನನ್ನು ಉಂಡು ಅವನದೇ ಆಕಾರ ತಾಳಿದೆ ಎಂದು ಊರು ನಂಬಿತು, ಇಂದಿಗೂ ಜೋಪಾನ ಮಾಡಿದೆ.

ನಾನು ಬಾಸ್ಟನ್‌ಗೆ ಹೋದದ್ದು ಆ ಮಗಳ ಮನೆಗೆ. ಅವಳು ಈಗ ಅಲ್ಲಿನ ಪ್ರಜೆ, ಮತದಾರಳು. ಹೋದ ಮೊದಲ ರಾತ್ರಿಯೇ ಊಟದ ಮೇಜಿನ ಮೇಲೆ ಚುನಾವಣೆಯ ಕರಪತ್ರಗಳನ್ನು ಹರಡಿಕೊಂಡು ಕೂತಿದ್ದಳು. "ನೋಡಿ ಮಾವ, ಇವನು ಯಾವ ಚರ್ಚಿಗೆ ಹೋಗ್ತಾನೆ, ಮಕ್ಕಳನ್ನ ಎಲ್ಲಿ ಬ್ಯಾಪ್ಟಿಸಂ ಮಾಡಿಸ್ದ, ಎಲ್ಲಾ ಬರ್ದಿದ್ದಾನೆ. ಸರ್ಕಾರಕ್ಕೂ ಚರ್ಚಿಗೂ ಮಧ್ಯೆ ಗೋಡೆ ಇದೆ ಅಂತ ಸಿಟಿಜನ್‌ಶಿಪ್ ಪರೀಕ್ಷೆಗೆ ಓದಿದ್ದೆ. ಗೋಡೆ ಇದ್ದರೆ ಇದು ಯಾಕೆ?" ಎಂದು ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ. ಆ ಗೋಡೆಯ ಮಾತು ಮೊದಲು ಹುಟ್ಟಿದ ಕಡೆಗೇ ಹೋಗಿ ಬರೋಣ ಎಂದು ಹೊರಟೆವು.

ಹೊರಡುವ ಮುನ್ನಾದಿನ ಬಾಸ್ಟನ್ನಿನ ಸ್ಟೇಟ್ ಹೌಸ್ ಎದುರು ಒಂದು ಕಂಚಿನ ಮೂರ್ತಿ ನೋಡಿದೆ. ಬೆಂಚಿನ ಮೇಲೆ ಕೂತ ಹೆಂಗಸು, ತಲೆ ತುಸು ಬಾಗಿದೆ, ಕೈ ಮಡಿಲಲ್ಲಿವೆ. ಮೇರಿ ಡಯರ್. ಕ್ವೇಕರ್ ಪಂಥದವಳು. ಗಡೀಪಾರಾದ ಮೇಲೂ ಮತ್ತೆ ಮತ್ತೆ ಊರಿಗೆ ಬಂದಳೆಂದು 1660ರ ಜೂನ್ 1ರಂದು ಅವಳನ್ನು ಗಲ್ಲಿಗೇರಿಸಿದರು. ಗಲ್ಲಿಗೇರಿಸಿದವರು ದುಷ್ಟರ ಗುಂಪಲ್ಲ. ತಮ್ಮ ಧರ್ಮಕ್ಕಾಗಿ ಇಂಗ್ಲೆಂಡಿನಲ್ಲಿ ಕಷ್ಟಪಟ್ಟು, ಸಮುದ್ರ ದಾಟಿ ಬಂದ ಪ್ಯೂರಿಟನ್ ಭಕ್ತರು. ಅವರ ಮ್ಯಾಸಚೂಸೆಟ್ಸ್ ವಸಾಹತಿನಲ್ಲಿ 1631ರಿಂದಲೇ ಒಂದು ನಿಯಮವಿತ್ತು: ಚರ್ಚಿನ ಸದಸ್ಯನಾದವನಿಗೆ ಮಾತ್ರ ಮತದ ಹಕ್ಕು. ಆಳುವವನೂ ಭಕ್ತ, ಆರಿಸುವವನೂ ಭಕ್ತ. ಆ ಬೆಂಚಿನ ಎದುರು ನಿಂತು ನಾನು ತುಂಬ ಹೊತ್ತು ಯೋಚಿಸಿದೆ. ಅಷ್ಟು ಭಕ್ತಿ ತುಂಬಿದ ಊರಿನಲ್ಲಿ ಭಕ್ತೆಯೊಬ್ಬಳಿಗೆ ನೇಣು ಬಿತ್ತು.

ರೋಜರ್ ವಿಲಿಯಮ್ಸ್ ಆ ಊರಿಗೆ ಬಂದದ್ದೂ 1631ರಲ್ಲಿ. ಪಾದ್ರಿ, ಪಂಡಿತ, ಹಟಮಾರಿ. ದೇವರಿಗೂ ಮನುಷ್ಯನಿಗೂ ನಡುವಿನ ತಪ್ಪಿಗೆ ನ್ಯಾಯಾಧೀಶ ಶಿಕ್ಷೆ ಕೊಡುವ ಹಾಗಿಲ್ಲ ಎಂದ. ಇಲ್ಲಿನ ಮೂಲನಿವಾಸಿಗಳ ನೆಲವನ್ನು ದಾನ ಮಾಡಲು ಇಂಗ್ಲೆಂಡಿನ ರಾಜ ಯಾರು ಎಂದ. 1635ರ ಅಕ್ಟೋಬರಿನಲ್ಲಿ ಅವನಿಗೆ ಗಡೀಪಾರು. ಮುಂದಿನ ಜನವರಿಯಲ್ಲಿ, ಹಿಮ ಬೀಳುತ್ತಿರುವಾಗ, ಸೇಲಂನ ತನ್ನ ಮನೆ ಬಿಟ್ಟು ದಕ್ಷಿಣಕ್ಕೆ ನಡೆದ. ವಾಂಪನೋಗ್ ಜನ ಆಸರೆ ಕೊಟ್ಟರು. ನ್ಯಾರಗಾನ್ಸೆಟ್ ನಾಯಕರಾದ ಕೆನಾನಿಕಸ್ ಮತ್ತು ಮಿಯಾಂಟನೋಮಿ ನೆಲ ಕೊಟ್ಟರು. 1636ರಲ್ಲಿ ಅಲ್ಲಿ ಊರು ಕಟ್ಟಿ ಪ್ರಾವಿಡೆನ್ಸ್ ಎಂದು ಹೆಸರಿಟ್ಟ. ದೈವಕೃಪೆ ಎಂದು ಅರ್ಥ. ಮ್ಯಾಸಚೂಸೆಟ್ಸ್ ಆ ಗಡೀಪಾರು ಆಜ್ಞೆಯನ್ನು ಹಿಂತೆಗೆದುಕೊಂಡದ್ದು 1936ರಲ್ಲಿ, ಮುನ್ನೂರು ವರ್ಷದ ಮೇಲೆ.

ಗೋಡೆಯ ಮಾತು ಅಮೆರಿಕದ ಸಂವಿಧಾನದಲ್ಲಿಲ್ಲ. ಅಧ್ಯಕ್ಷ ಜೆಫರ್ಸನ್ 1802ರ ಜನವರಿ 1ರಂದು ಕನೆಕ್ಟಿಕಟ್‌ನ ಡ್ಯಾನ್‌ಬರಿಯ ಬ್ಯಾಪ್ಟಿಸ್ಟರಿಗೆ ಬರೆದ ಪತ್ರದಿಂದ ಅದು ಹೆಸರಾಯಿತು. (ಅದೇ ದಿನ ಬ್ಯಾಪ್ಟಿಸ್ಟ್ ಪಾದ್ರಿ ಜಾನ್ ಲೀಲೆಂಡ್ ಮ್ಯಾಸಚೂಸೆಟ್ಸ್‌ನ ಚೆಷೈರ್ ಊರಿನಿಂದ 1,235 ಪೌಂಡಿನ ಒಂದು ಚೀಸ್ ಗಡ್ಡೆಯನ್ನು ಅಧ್ಯಕ್ಷರಿಗೆ ಕಾಣಿಕೆ ತಂದಿದ್ದರು. ಗೋಡೆ ಬೇಕೆಂದು ಸಂಭ್ರಮಪಟ್ಟವರು ದೇವರನ್ನು ಬಿಟ್ಟವರಲ್ಲ, ದೇವರ ಕೆಲಸಕ್ಕೇ ಬಾಳು ಕೊಟ್ಟವರು.) ಆದರೆ ಜೆಫರ್ಸನ್‌ಗಿಂತ ಒಂದೂವರೆ ಶತಮಾನ ಹಿಂದೆ, 1644ರಲ್ಲಿ, ವಿಲಿಯಮ್ಸ್ ಬೇಲಿ ಮತ್ತು ಗೋಡೆಯ ಮಾತಾಡಿದ್ದ. ಅವನ ಚಿತ್ರದಲ್ಲಿ ಚರ್ಚು ತೋಟ, ಲೋಕ ಕಾಡು. ಬೇಲಿಯಲ್ಲಿ ಕಂಡಿ ಬಿದ್ದರೆ ಹಾಳಾಗುವುದು ತೋಟ. ನಮ್ಮ ಕಡೆ ಅಡಿಕೆ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇಲಿ ಹಾಕುವುದು ತೋಟದ ಮೇಲಿನ ಪ್ರೀತಿಗೆ. ಧರ್ಮವನ್ನು ಕಾಯುತ್ತೇನೆಂದು ಸರ್ಕಾರ ತೋಟದೊಳಕ್ಕೆ ಬಂದರೆ ಬೇಲಿಯೇ ಎದ್ದು ಹೊಲ ಮೇಯುವ ಗತಿ.

ಅವನು ಕೇವಲ ಸಂತನಲ್ಲ. 1676ರಲ್ಲಿ, ಮೂಲನಿವಾಸಿಗಳ ಜೊತೆಗಿನ ಯುದ್ಧದಲ್ಲಿ, ಪ್ರಾವಿಡೆನ್ಸ್ ಸುಟ್ಟುಹೋಯಿತು. ಆಮೇಲೆ ಸೆರೆಸಿಕ್ಕ ಮೂಲನಿವಾಸಿಗಳನ್ನು ಜೀತಕ್ಕೆ ಮಾರಿದ ಸಮಿತಿಯಲ್ಲಿ ವಿಲಿಯಮ್ಸ್ ಇದ್ದ. ತನಗೆ ನೆಲ ಕೊಟ್ಟವರ ಮಕ್ಕಳನ್ನು. ಅವನ ಬೇರನ್ನು ಇಟ್ಟಿರುವ ಮನೆಯ ಒಡೆಯ ಜಾನ್ ಬ್ರೌನ್ ಕೂಡ ಗುಲಾಮರ ವ್ಯಾಪಾರಿ. ಇದನ್ನು ಓದಿದ ಮೇಲೆ ಆ ಬೇರಿನ ಹತ್ತಿರ ಮೊದಲಿನಷ್ಟು ಹಗುರ ಮನಸ್ಸಿನಿಂದ ನಿಲ್ಲಲಾಗಲಿಲ್ಲ. ಆದರೂ ಬಿಟ್ಟು ಬರಲೂ ಆಗಲಿಲ್ಲ.

ಊರಿನ ಗುಡ್ಡದ ಮೇಲೆ ಪ್ರಾಸ್ಪೆಕ್ಟ್ ಟೆರೇಸ್ ಎಂಬ ಪುಟ್ಟ ಉದ್ಯಾನ. ಅಲ್ಲಿ ಅವನ ದೊಡ್ಡ ಕಲ್ಲಿನ ಮೂರ್ತಿ, ಅದರ ಅಡಿಯಲ್ಲಿ ಗೋರಿಯಿಂದ ತಂದ ಮಣ್ಣು. ಮೂರ್ತಿ ನೋಡುತ್ತಿರುವ ದಿಕ್ಕಿನಲ್ಲಿ ಬಿಳಿ ಅಮೃತಶಿಲೆಯ ಗುಮ್ಮಟದ ಸ್ಟೇಟ್ ಹೌಸ್. ಅಲ್ಲಿಗೂ ಹೋದೆವು. ಎರಡನೇ ಚಾರ್ಲ್ಸ್ ದೊರೆ ಈ ವಸಾಹತಿಗೆ 1663ರಲ್ಲಿ ಕೊಟ್ಟ ಸನ್ನದು ಅಲ್ಲಿದೆ. ನಾಗರಿಕ ಶಾಂತಿ ಕೆಡಿಸದ ತನಕ ಯಾರನ್ನೂ ಅವರ ನಂಬಿಕೆಯ ಕಾರಣಕ್ಕೆ ಪೀಡಿಸುವಂತಿಲ್ಲ ಎಂದು ರಾಜನೊಬ್ಬ ಬರೆದುಕೊಟ್ಟ ಚರ್ಮಪತ್ರ. ನಮ್ಮ ಮಗಳು ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ಓದಲು ನೋಡಿದಳು. ಅಕ್ಷರ ಬಾಗಿ ಬಾಗಿ ಹೆಣೆದುಕೊಂಡಿದ್ದವು.

ಇದೇ ಊರಿನ ಸರ್ಕಾರಿ ಶಾಲೆಯೊಂದರ ಪದವಿ ಸಮಾರಂಭದಲ್ಲಿ 1989ರಲ್ಲಿ ಯಹೂದಿ ಗುರು ರಬ್ಬಿಯೊಬ್ಬರು ಪ್ರಾರ್ಥನೆ ಹೇಳಿದರು. ಅದನ್ನು ಪ್ರಶ್ನಿಸಿ ಕೋರ್ಟಿಗೆ ಹೋದದ್ದು ಒಂದು ಯಹೂದಿ ಕುಟುಂಬ. 1992ರಲ್ಲಿ ಸುಪ್ರೀಂ ಕೋರ್ಟ್ 5-4ರಿಂದ ಆ ಕುಟುಂಬದ ಪರ ತೀರ್ಪಿತ್ತಿತು. ತಮ್ಮದೇ ಧರ್ಮದ ಪ್ರಾರ್ಥನೆಯಾದರೂ ಸರ್ಕಾರದ ವೇದಿಕೆಯಿಂದ ಬೇಡ ಎಂದ ಆ ಮನೆಯವರ ಬಗ್ಗೆ ಯೋಚಿಸಿದಾಗಲೆಲ್ಲ ನನಗೆ ಗೌರವ ಹೆಚ್ಚುತ್ತದೆ. ಬೇರೆಯವರ ದೇವರನ್ನು ಬೇಡ ಎನ್ನುವುದಕ್ಕೆ ಅಷ್ಟು ಧೈರ್ಯ ಬೇಕಿಲ್ಲ.

ಪ್ರಾವಿಡೆನ್ಸ್‌ನಿಂದ ನ್ಯೂಪೋರ್ಟ್‌ಗೆ ಬೇಸಿಗೆಯಲ್ಲಿ ಫೆರ್ರಿ ಇದೆ, ಒಂದು ಗಂಟೆಯ ದಾರಿ. ದೋಣಿ ಏರುವ ಮುಂಚೆ ಅಲ್ಲಿನವರ ಇಷ್ಟದ ಪಾನೀಯ ಕುಡಿದೆವು: ತಣ್ಣನೆ ಹಾಲಿಗೆ ಕಾಫಿಯ ಪಾಕ. ನಮ್ಮ ಫಿಲ್ಟರ್ ಕಾಫಿಗೂ ಅದಕ್ಕೂ ನೆಂಟಸ್ತನವಿಲ್ಲ, ಆದರೂ ಆ ಬಿಸಿಲಿಗೆ ಹಿತವಾಯಿತು. ನ್ಯಾರಗಾನ್ಸೆಟ್ ಕೊಲ್ಲಿಯ ನೀರು ಕಡುನೀಲಿ. ನಡುವೆ ಪ್ರೂಡೆನ್ಸ್, ಪೇಷನ್ಸ್, ಹೋಪ್ ಎಂಬ ದ್ವೀಪಗಳು. ವಿವೇಕ, ತಾಳ್ಮೆ, ಭರವಸೆ. ಹೆಸರಿಟ್ಟವನು ವಿಲಿಯಮ್ಸ್ ಎನ್ನುತ್ತಾರೆ.

ಮಗಳ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಆ ದೋಣಿಯ ಮೇಲೆ. 1655ರಲ್ಲಿ ಪ್ರಾವಿಡೆನ್ಸ್ ಜನರಿಗೆ ವಿಲಿಯಮ್ಸ್ ಒಂದು ಪತ್ರ ಬರೆದ. ರಾಜ್ಯವೆಂದರೆ ಹಡಗಿನ ಹಾಗೆ. ಕ್ಯಾಥೊಲಿಕ್, ಪ್ರಾಟೆಸ್ಟೆಂಟ್, ಯಹೂದಿ, ತುರ್ಕ ಎಲ್ಲರೂ ಅದರಲ್ಲಿದ್ದಾರೆ. ಹಡಗಿನ ಪ್ರಾರ್ಥನೆಗೆ ಬಾ ಎಂದು ಯಾರನ್ನೂ ಎಳೆಯಬಾರದು, ತಮ್ಮ ಪ್ರಾರ್ಥನೆ ಮಾಡಿಕೊಳ್ಳುವವರನ್ನು ತಡೆಯಲೂಬಾರದು. ಆದರೆ ಹಡಗು ಎತ್ತ ಹೋಗಬೇಕು, ಶಿಸ್ತು ಹೇಗಿರಬೇಕು ಎಂಬುದರಲ್ಲಿ ಕಪ್ತಾನನ ಮಾತು ನಡೆಯಬೇಕು. ಅದಕ್ಕೂ ಮೊದಲು ಬರೆದ ಪುಸ್ತಕದಲ್ಲಿ ಇನ್ನೂ ಮುಂದೆ ಹೋಗಿದ್ದ: ಕ್ರೈಸ್ತನಲ್ಲದ ಚುಕ್ಕಾಣಿಗಾರನೂ ಕ್ರೈಸ್ತನಷ್ಟೇ ಕುಶಲವಾಗಿ ಹಡಗನ್ನು ದಡ ಸೇರಿಸಬಲ್ಲ. ಆ ಕಾಲಕ್ಕೆ ಇದು ಎಂಥ ಮಾತು! ಇಂಗ್ಲೆಂಡಿನ ಪಾರ್ಲಿಮೆಂಟು ಆ ಪುಸ್ತಕವನ್ನು ಸುಡಿಸಿತು.

ನಮ್ಮ ಫೆರ್ರಿಯ ಕಪ್ತಾನ ಧ್ವನಿವರ್ಧಕದಲ್ಲಿ ಲೈಫ್ ಜಾಕೆಟ್ ಎಲ್ಲಿದೆ ಎಂದು ಹೇಳಿದ. ಅವನ ಧರ್ಮ ಯಾವುದೆಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ಅವನು ಹೊರಡುವ ಮುನ್ನ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದ್ದರೆ ನನಗೆ ಸಂತೋಷವೇ. ನಮ್ಮಲ್ಲಿ ಅಭ್ಯರ್ಥಿಗಳು ಬಿ ಫಾರಂ ಅನ್ನು ದೇವರ ಪಾದದ ಹತ್ತಿರ ಇಟ್ಟು ಪೂಜೆ ಮಾಡಿಸಿ ನಾಮಪತ್ರ ಸಲ್ಲಿಸಲು ಹೊರಡುತ್ತಾರೆ. ಅದರಲ್ಲಿ ನನಗೆ ತಪ್ಪು ಕಾಣಿಸಿಲ್ಲ, ಈಗಲೂ ಕಾಣಿಸುವುದಿಲ್ಲ. ಚುಕ್ಕಾಣಿ ಹಿಡಿದ ಮೇಲೆ ನಮ್ಮನ್ನು ಡೆಕ್ಕಿನ ಮೇಲೆ ಸಾಲಾಗಿ ನಿಲ್ಲಿಸಿ ತನ್ನ ಪ್ರಾರ್ಥನೆ ಹೇಳಿಸಲು ಹೊರಟರೆ ಆಗ ತಕರಾರು.

"ನಮ್ಮ ಕಾನೂನು ಹೇಗಿದೆ ಮಾವ?" ಎಂದಳು. ಧರ್ಮದ ಹೆಸರಲ್ಲಿ ಮತ ಕೇಳುವುದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ ಪ್ರಕಾರ ಚುನಾವಣಾ ಭ್ರಷ್ಟಾಚಾರ, ಗೆದ್ದವನ ಸ್ಥಾನವೇ ಹೋಗಬಹುದು ಎಂದೆ. ನಮ್ಮ ಎಸ್.ಆರ್. ಬೊಮ್ಮಾಯಿಯವರ ಸರ್ಕಾರ 1989ರಲ್ಲಿ ವಜಾ ಆಗಿ, ಅವರ ಹೆಸರಿನ ಮೊಕದ್ದಮೆಯಲ್ಲಿ 1994ರಲ್ಲಿ 9 ನ್ಯಾಯಮೂರ್ತಿಗಳ ಪೀಠ ಜಾತ್ಯತೀತತೆ ಸಂವಿಧಾನದ ಮೂಲ ಲಕ್ಷಣ ಎಂದದ್ದನ್ನೂ ಹೇಳಿದೆ. ಅವಳಿಗೆ ಬೊಮ್ಮಾಯಿ ಹೆಸರು ಗೊತ್ತಿತ್ತು, ತೀರ್ಪು ಗೊತ್ತಿರಲಿಲ್ಲ. ಅಮೆರಿಕದಲ್ಲಿ ಅಭ್ಯರ್ಥಿಯ ಬಾಯಿಗೆ ಅಂಥ ಕಟ್ಟಿಲ್ಲ. ಹುದ್ದೆಗೆ ಧರ್ಮದ ಪರೀಕ್ಷೆ ಇರಕೂಡದು ಎಂದು ಅವರ ಸಂವಿಧಾನದ 6ನೇ ವಿಧಿ ಹೇಳುತ್ತದೆ. ಆದರೆ ಅದು ಕಟ್ಟುವುದು ಸರ್ಕಾರವನ್ನು. ಮತದಾರ ಮನಸ್ಸಿನಲ್ಲಿ ಇಟ್ಟುಕೊಂಡ ಪರೀಕ್ಷೆಯನ್ನು ಯಾವ ವಿಧಿಯೂ ಮುಟ್ಟುವುದಿಲ್ಲ.

ಆ ಪರೀಕ್ಷೆ ಎಷ್ಟು ಗಟ್ಟಿ ಎಂಬುದಕ್ಕೆ ನ್ಯೂಪೋರ್ಟ್‌ನಲ್ಲೇ ಒಂದು ಗುರುತಿದೆ. ಸ್ಪ್ರಿಂಗ್ ಸ್ಟ್ರೀಟಿನ ಸೇಂಟ್ ಮೇರೀಸ್ ಚರ್ಚಿನಲ್ಲಿ ಜಾನ್ ಕೆನಡಿ ಜಾಕ್ಲಿನ್ ಬೂವಿಯೇಯನ್ನು ಮದುವೆಯಾದದ್ದು 1953ರ ಸೆಪ್ಟೆಂಬರ್ 12ರಂದು. ಸರಿಯಾಗಿ ಏಳು ವರ್ಷದ ಮೇಲೆ, ಅದೇ 12ನೇ ತಾರೀಖು, ಅದೇ ಕೆನಡಿ ಅಧ್ಯಕ್ಷ ಹುದ್ದೆಯ ಅಭ್ಯರ್ಥಿಯಾಗಿ ಹ್ಯೂಸ್ಟನ್‌ನ ರೈಸ್ ಹೋಟೆಲಿನಲ್ಲಿ ಪ್ರಾಟೆಸ್ಟೆಂಟ್ ಪಾದ್ರಿಗಳ ಮುಂದೆ ನಿಂತು, ನಾನು ಪೋಪರ ಮಾತಿಗೆ ದೇಶ ಆಳುವವನಲ್ಲ ಎಂದು ವಿವರಣೆ ಕೊಡಬೇಕಾಯಿತು. 1928ರಲ್ಲಿ ಆಲ್ ಸ್ಮಿತ್ ಎಂಬ ಕ್ಯಾಥೊಲಿಕ್ ಅಭ್ಯರ್ಥಿ ಸೋತ ನೆನಪು ಇನ್ನೂ ಹಸಿಯಾಗಿತ್ತು. ಆತ್ಮಸಾಕ್ಷಿಗೂ ದೇಶದ ಹಿತಕ್ಕೂ ಎಂದಾದರೂ ಘರ್ಷಣೆ ಬಂದರೆ ರಾಜೀನಾಮೆ ಕೊಡುತ್ತೇನೆ ಎಂದರು ಕೆನಡಿ. ಆ ಮಾತು ನನಗೆ ತುಂಬ ಹಿಡಿಸುತ್ತದೆ. ನಂಬಿಕೆಯನ್ನು ಅವರು ಬಿಟ್ಟುಕೊಡಲಿಲ್ಲ, ಕುರ್ಚಿಯನ್ನು ಬಿಡುತ್ತೇನೆಂದರು. ಆದರೆ ಆ ವಿವರಣೆಯನ್ನು ಕ್ಯಾಥೊಲಿಕನಿಂದ ಮಾತ್ರ ಯಾಕೆ ಕೇಳಬೇಕಿತ್ತು? 2007ರಲ್ಲಿ ಮಾರ್ಮನ್ ಪಂಥದ ಮಿಟ್ ರಾಮ್ನಿ ಟೆಕ್ಸಸ್ಸಿನಲ್ಲೇ ಇಂಥದೇ ಭಾಷಣ ಮಾಡಬೇಕಾಯಿತು.

ಚರ್ಚಿನಿಂದ ಯಹೂದಿಗಳ ಪ್ರಾರ್ಥನಾಮಂದಿರವಾದ ಟೂರೋ ಸಿನಗಾಗ್‌ಗೆ ನಡೆದೇ ಹೋಗಬಹುದು. 1763ರ ಕಟ್ಟಡ, ಆ ದೇಶದಲ್ಲಿ ಉಳಿದಿರುವ ಸಿನಗಾಗ್‌ಗಳಲ್ಲೆಲ್ಲ ಹಳೆಯದು. ಜೆರುಸಲೇಮಿನ ಕಡೆ, ಪೂರ್ವಕ್ಕೆ ಮುಖ ಮಾಡಬೇಕೆಂದು ಬೀದಿಗೆ ಓರೆಯಾಗಿ ಕಟ್ಟಿದ್ದಾರೆ. ಒಳಗೆ ಯಹೂದಿಗಳ ಹನ್ನೆರಡು ಕುಲಗಳಿಗೆ ಹನ್ನೆರಡು ಕಂಬ. 1790ರಲ್ಲಿ ಅಧ್ಯಕ್ಷ ವಾಷಿಂಗ್ಟನ್ ಈ ಊರಿಗೆ ಬಂದಾಗ ಇಲ್ಲಿನ ಯಹೂದಿಗಳ ಪರವಾಗಿ ಮೋಸೆಸ್ ಸೇಶಸ್ ಸ್ವಾಗತಪತ್ರ ಬರೆದರು. ನಿಮ್ಮನ್ನು ನಾವು ಸಹಿಸಿಕೊಂಡಿದ್ದೇವೆ ಎಂಬ ಮಾತು ಈ ದೇಶದಲ್ಲಿ ಇನ್ನಿಲ್ಲ, ಹಕ್ಕು ಎಲ್ಲರಿಗೂ ಹುಟ್ಟಿನಿಂದ ಬಂದದ್ದು ಎಂಬ ಅರ್ಥದ ಉತ್ತರ ಅಧ್ಯಕ್ಷರಿಂದ ಬಂತು. ಪ್ರತಿವರ್ಷ ಅದನ್ನು ಅಲ್ಲಿ ಓದುತ್ತಾರೆ. ಅದು ಸಲೀಸಾಗಿ ಬಂದ ಹಕ್ಕಲ್ಲ. ಈ ಸಿನಗಾಗ್ ಕಟ್ಟಲು ಮುಂದೆ ನಿಂತವರಲ್ಲಿ ಒಬ್ಬರಾದ ವ್ಯಾಪಾರಿ ಏರನ್ ಲೋಪೆಜ್ 1762ರಲ್ಲಿ ಪೌರತ್ವ ಕೇಳಿದಾಗ ವಿಲಿಯಮ್ಸ್ ಕಟ್ಟಿದ ಇದೇ ನಾಡಿನ ನ್ಯಾಯಾಲಯ ಇಲ್ಲ ಎಂದಿತ್ತು. ಕೊನೆಗೆ ಅವರಿಗೆ ಪೌರತ್ವ ಕೊಟ್ಟದ್ದು ಪಕ್ಕದ ಮ್ಯಾಸಚೂಸೆಟ್ಸ್! ಬೇಲಿಯನ್ನು ಒಂದು ಸಲ ಹಾಕಿ ಮರೆತುಬಿಟ್ಟರೆ ಆಗುವುದೇ ಇದು. ಪ್ರತಿ ಮಳೆಗಾಲದ ಮೇಲೆ ತೋಟ ಸುತ್ತಿ ನೋಡಬೇಕು.

ಕೊನೆಗೆ ಹೋದದ್ದು ಕ್ವೇಕರರ ಹಳೆಯ ಸಭಾಮನೆಗೆ. 1699ರದು. ಬಣ್ಣವಿಲ್ಲ, ಬಲಿಪೀಠವಿಲ್ಲ, ಮರದ ಬೆಂಚುಗಳು. ಈ ಮನೆ ಏಳುವುದಕ್ಕೂ ಮುಂಚೆ, 1672ರಲ್ಲಿ, ವಿಲಿಯಮ್ಸ್ ಇದೇ ಊರಿಗೆ ಕ್ವೇಕರರ ಜೊತೆ ವಾದ ಮಾಡಲು ಬಂದ. ಅವರ ಸಿದ್ಧಾಂತವನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ವಯಸ್ಸು ಎಪ್ಪತ್ತರ ಹತ್ತಿರ. ನಾವು ಒಂದು ಗಂಟೆಯಲ್ಲಿ ದಾಟಿ ಬಂದ ನೀರನ್ನು ಅವನು ಒಬ್ಬನೇ ಹುಟ್ಟು ಹಾಕಿಕೊಂಡು, ಹಗಲೆಲ್ಲ ದಾಟಿ, ಬಂದರು ಮುಟ್ಟಿದಾಗ ನಡುರಾತ್ರಿಯಾಗುತ್ತ ಬಂದಿತ್ತು. ಮೂರು ದಿನ ವಾದ ನಡೆಯಿತು. ಯಾರೂ ಯಾರನ್ನೂ ಒಪ್ಪಿಸಲಿಲ್ಲ. ಆ ವರ್ಷ ಆ ವಸಾಹತಿನ ಗವರ್ನರ್ ಆಗಿ ಆರಿಸಿ ಬಂದಿದ್ದವನು ನಿಕೊಲಸ್ ಈಸ್ಟನ್, ಅವನೂ ಕ್ವೇಕರ್.

ಸಂಜೆಯ ಫೆರ್ರಿಗೆ ಇನ್ನೂ ಹೊತ್ತಿತ್ತು. ನಮ್ಮ ಮಗಳು ಕಟ್ಟೆಯ ಮೇಲೆ ಕೂತು, ದಕ್ಷಿಣದ ಗಾಳಿಗೆ ಕೂದಲು ಕಟ್ಟಿಕೊಳ್ಳುತ್ತ, "ಒಬ್ಬನೇ ಬಂದ್ನಾ ಮಾವ, ಅಷ್ಟು ದೂರ?" ಎಂದಳು. ಒಬ್ಬನೇ ಎಂದೆ. ಅವಳು ಉತ್ತರದ ಕಡೆ, ಪ್ರಾವಿಡೆನ್ಸ್ ದಿಕ್ಕಿಗೆ, ಕೊಲ್ಲಿಯ ನೀರನ್ನು ನೋಡುತ್ತ ಕೂತಳು.