ಚಿಕ್ಕಪ್ಪನ ಪಿಕಪ್ಪು, ನಾಲ್ಕು ಚಕ್ರದ ಆಸೆ

ನಮ್ಮ ಚಿಕ್ಕಪ್ಪನ ಹತ್ರ ಒಂದು ಹಳೇ ಪಿಕಪ್ ಇದೆ. ಟೂ ವೀಲ್ ಡ್ರೈವ್. ಅಂದ್ರೆ ಇಂಜಿನ್ನಿನ ಬಲವೆಲ್ಲ ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಅದನ್ನ ಫೋರ್ ವೀಲ್ ಡ್ರೈವ್ ಮಾಡಿಸಬೇಕು ಅನ್ನೋದು ಅವರ ಎರಡು ವರ್ಷದ ಹಠ. "ನೀನು ಇಂಜಿನಿಯರ್ ತಾನೆ, ಹೇಳ್ಲಾ ಮಗ, ಆಯ್ತದಾ ಇಲ್ವಾ?" ಅಂತ ಫೋನ್ ಮಾಡಿದಾಗಲೆಲ್ಲ ಕೇಳೋರು. ನಾನು ಬರೆಯೋದು ಸಾಫ್ಟ್‌ವೇರ್ ಚಿಕ್ಕಪ್ಪ ಅಂದ್ರೆ ಅದು ಅವರಿಗೆ ಬರೀ ನೆಪ :) ಹಾಗಾಗಿ ಓದಿ, ಗ್ಯಾರೇಜು ಅಲೆದು ತಿಳ್ಕೊಂಡಿದ್ದನ್ನ ಇಲ್ಲಿ ಬರೀತಿದೀನಿ.

ಮೊದಲು ಯಾಕೆ ಅನ್ನೋದು. ತೋಟ ಇರೋದು ಕನಕಪುರ ತಾಲ್ಲೂಕಿನ ಸಾತನೂರು ಕಡೆ. ೨೦೦೭ರಲ್ಲಿ ರಾಮನಗರ ಜಿಲ್ಲೆ ಆಯ್ತು, ೨೦೨೫ರಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಅಂತ ಬದಲಾಯ್ತು. ತೋಟದ ದಾರಿ ಮಾತ್ರ ಅದೇ ಕೆಮ್ಮಣ್ಣು, ಅದೇ ಏರು. ಮಳೆ ಬಂದ್ರೆ ಗಾಡಿ ಅಲ್ಲೇ ಕೂತ್ಕೊಳ್ಳುತ್ತೆ. ರೇಷ್ಮೆ ಬೆಳೆಯೋರಿಗೆ ಇದು ತಮಾಷೆ ಅಲ್ಲ. ಹುಳ ಗೂಡು ಕಟ್ಟಿದ ಐದಾರು ದಿನಕ್ಕೆ ಗೂಡು ಬಿಡಿಸಿ ರಾಮನಗರದ ಮಾರ್ಕೆಟ್ಟಿಗೆ ಒಯ್ಯಬೇಕು. ತಡ ಆದ್ರೆ ಒಳಗಿನ ಚಿಟ್ಟೆ ಗೂಡು ತೂತು ಮಾಡ್ಕೊಂಡು ಹೊರಗೆ ಬರುತ್ತೆ, ಆ ಗೂಡಿಂದ ನೂಲು ತೆಗೆಯೋಕಾಗಲ್ಲ. ನೆನೆದ ಗೂಡಿಗೆ ರೇಟೂ ಇಲ್ಲ. ಒಂದು ತಿಂಗಳ ದುಡಿಮೆ ಒಂದು ಏರಿನ ಕೆಸರಲ್ಲಿ ಸಿಕ್ಕಿ ಹಾಕ್ಕೊಂಡ್ರೆ ಯಾರಿಗೆ ತಾನೆ ಹಠ ಬರಲ್ಲ?

ಇನ್ನು ಹೇಗೆ ಅನ್ನೋದು. ಫೋರ್ ವೀಲ್ ಅಂದ್ರೆ ಮುಂದಕ್ಕೊಂದು ಆಕ್ಸಲ್ ಸಿಕ್ಕಿಸಿದ್ರೆ ಆಯ್ತು ಅಂತ ತುಂಬಾ ಜನ ಅಂದ್ಕೊಂಡಿದಾರೆ. ಅಷ್ಟೇ ಅಲ್ಲ. ಗೇರ್ ಬಾಕ್ಸಿನ ಹಿಂದೆ ಟ್ರಾನ್ಸ್‌ಫರ್ ಕೇಸ್ ಅಂತ ಇನ್ನೊಂದು ಪೆಟ್ಟಿಗೆ ಕೂರಬೇಕು, ಬಲವನ್ನ ಹಿಂದಕ್ಕೂ ಮುಂದಕ್ಕೂ ಹಂಚೋದು ಅದು. ಹಳೇ ವಿಲ್ಲಿಸ್ ಜೀಪಿನ ಟ್ರಾನ್ಸ್‌ಫರ್ ಕೇಸಲ್ಲಿ ಶಾಫ್ಟು ಹೊರಡೋದು ಒಂದು ಪಕ್ಕದಿಂದ. ಅದಕ್ಕೇ ಅದರ ಹಿಂದಿನ ಆಕ್ಸಲ್ಲಿನ ಗುಂಡೂ ಒಂದು ಪಕ್ಕಕ್ಕಿರುತ್ತೆ. ಗುಂಡು ಮಧ್ಯಕ್ಕಿರೋ ಗಾಡಿಗೆ ಅಂಥ ಕೇಸ್ ಹಾಕಿದ್ರೆ ಹಿಂದಿನ ಆಕ್ಸಲ್ಲೂ ಬದಲಾಗಬೇಕು. ಒಂದು ಕೆಲಸ ಮೂರಾಯ್ತು!

ಆಮೇಲೆ ಹಲ್ಲಿನ ಲೆಕ್ಕ. ಜೀಪುಗಳ ಕ್ರೌನ್-ಪಿನಿಯನ್ನಲ್ಲಿ ೩೯ಕ್ಕೆ ೮ ಹಲ್ಲು ಅಂದ್ರೆ ೪.೮೮, ೪೩ಕ್ಕೆ ೮ ಅಂದ್ರೆ ೫.೩೮. ಗುಜರಿಯಲ್ಲಿ ಸಿಕ್ಕಿದ್ದು ಅಂತ ಮುಂದೆ ೪.೮೮, ಹಿಂದೆ ೫.೩೮ ಹಾಕಿದ್ರೆ, ಹಿಂದಿನ ಚಕ್ರ ೧೦೦ ಅಡಿ ಹೋಗೋಷ್ಟರಲ್ಲಿ ಮುಂದಿನ ಚಕ್ರ ಸುಮಾರು ೧೧೦ ಅಡಿ ಹೋಗೋಕೆ ನೋಡುತ್ತೆ. ಎರಡೂ ಜಗಳ ಆಡ್ಕೊಂಡು ಯಾವುದೋ ಒಂದು ಮುರಿಯುತ್ತೆ. ಲೆಕ್ಕ ಸರಿ ಇದ್ರೂ ಈ ಥರದ ಗಾಡೀನ ಒಣ ಟಾರ್ ರೋಡಲ್ಲಿ ಫೋರ್ ವೀಲಲ್ಲಿ ಓಡಿಸಬಾರದು. ತಿರುವಲ್ಲಿ ಮುಂದಿನ, ಹಿಂದಿನ ಚಕ್ರಗಳು ಓಡೋ ದೂರ ಬೇರೆ ಬೇರೆ, ಆ ವ್ಯತ್ಯಾಸ ತಡ್ಕೊಳ್ಳೋಕೆ ಮಧ್ಯದಲ್ಲಿ ಡಿಫರೆನ್ಷಿಯಲ್ ಇರಲ್ಲ.

ನಾವು ವಿಚಾರಿಸಿದ ಮೇಸ್ತ್ರಿ ಒಳ್ಳೆ ಮನುಷ್ಯ. "ಮಾಡ್ಬೋದು ಸಾರ್. ಆದ್ರೆ ಬ್ರೇಕು, ಸ್ಟೇರಿಂಗು ಎಲ್ಲಾ ಹೊಸದಾಗಿ ಹೊಂದಿಸ್ಬೇಕು. ನಿಮ್ಮ ಗಾಡಿ ರೇಟ್‌ಗಿಂತ ಖರ್ಚೇ ಜಾಸ್ತಿ ಆಯ್ತದೆ" ಅಂದ್ರು.

ದುಡ್ಡಿಗಿಂತ ದೊಡ್ಡ ತೊಡಕು ಕಾನೂನಿಂದು. ೧೯೮೮ರ ಮೋಟಾರು ವಾಹನ ಕಾಯ್ದೆಯ ೫೨ನೇ ಸೆಕ್ಷನ್ ಪ್ರಕಾರ ಗಾಡಿಯ ಕಂಪನಿ ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸ ಆಗೋ ಹಾಗೆ ಮಾಲೀಕರು ಬದಲಾವಣೆ ಮಾಡೋ ಹಾಗಿಲ್ಲ. ಕೇರಳದಿಂದ ಹೋದ ಕೇಸಲ್ಲಿ ೨೦೧೯ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿ ಮಾಡಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿ ಇಲ್ಲದೆ ಭಾಗಗಳನ್ನ ಹಾಕಿಸಿ ಗಾಡಿ ಬದಲಾಯಿಸಿದ್ರೆ ಒಂದೊಂದು ಬದಲಾವಣೆಗೂ ೫,೦೦೦ ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಬಂತು. ದಂಡ ಕಟ್ಟಬಹುದು ಅನ್ನಿ. ನಾಳೆ ಅಪಘಾತ ಆದ್ರೆ ವಿಮೆಯವರಿಗೆ ಇಲ್ಲ ಅನ್ನೋಕೆ ನಾವೇ ಕಾರಣ ಕೊಟ್ಟ ಹಾಗೆ. ಆ ಗಾಡೀಲಿ ಪಕ್ಕದ ಸೀಟಲ್ಲಿ ಕೂರೋದು ನಮ್ಮ ಚಿಕ್ಕಮ್ಮ.

ಹಾಗಾದ್ರೆ ಕಂಪನಿಯದೇ ಫೋರ್ ವೀಲ್ ಪಿಕಪ್ ತಗೋಬಾರದಾ? ನಮ್ಮ ಬಿಡದಿಯಲ್ಲೇ ಟೊಯೋಟಾದವರು ಹೈಲಕ್ಸ್ ತಯಾರಿಸ್ತಾರೆ. ೨೦೨೨ರಲ್ಲಿ ಅದರ ಆರಂಭದ ಬೆಲೆ ೩೩.೯೯ ಲಕ್ಷ. ಚಿಕ್ಕಪ್ಪ ಕೇಳಿ, "ಅಷ್ಟಿದ್ರೆ ಹುಳ ಯಾಕ್ಲಾ ಸಾಕ್ಲಿ?" ಅಂದ್ರು.

ಕೊನೆಗೆ ಗಾಡಿ ಬಿಟ್ಟು ಏರನ್ನೇ ನೋಡಿದ್ವಿ. ಗಾಡಿ ಸಿಕ್ಕಿಕೊಳ್ತಾ ಇದ್ದಿದ್ದು ಹೆಚ್ಚಾಗಿ ಹಿಂದೆ ಭಾರ ಕಮ್ಮಿ ಇದ್ದಾಗ. ಗೂಡಿನ ಮೂಟೆ ದೊಡ್ಡದು, ತೂಕ ಇಲ್ಲ. ಹಿಂದಿನ ಚಕ್ರಕ್ಕೆ ಹಿಡಿತ ಸಿಗಲ್ಲ, ಒಂದು ಚಕ್ರ ಜಾರಿದ್ರೆ ಡಿಫರೆನ್ಷಿಯಲ್ಲು ಅದನ್ನೇ ತಿರುಗಿಸುತ್ತೆ. ಅದಕ್ಕೆ ಹಿಂದಿನ ಆಕ್ಸಲ್ ಮೇಲೆ ಬರೋ ಹಾಗೆ ನಾಲ್ಕು ಮರಳು ಮೂಟೆ ಕಟ್ಟಿದ್ವಿ. ಒಳ್ಳೆ ಗುಬ್ಬಿ ಇರೋ ಟೈರು ಹಾಕಿಸಿದ್ವಿ. ಏರಿನ ಪಕ್ಕ ಚರಂಡಿ ತೆಗೆಸಿ, ನೀರು ದಾರಿ ಮೇಲೆ ಹರಿಯದ ಹಾಗೆ ಮಾಡಿ, ಸುಮಾರು ಅರವತ್ತು ಅಡಿಗೆ ಕ್ವಾರಿ ಕಲ್ಲು ಸುರಿಸಿದ್ವಿ. ಅಲ್ಲಿರೋ ಇನ್ನೂ ನಾಲ್ಕು ಮನೆಯವರು ದುಡ್ಡು, ಆಳು ಸೇರಿಸಿದ್ರು.

ಕಳೆದ ಮುಂಗಾರಲ್ಲಿ ಟ್ರ್ಯಾಕ್ಟರ್ ಕರೆಸದೆ ಗೂಡು ಮಾರ್ಕೆಟ್ ಸೇರಿತು. ಅದಕ್ಕಿಂತ ನನಗೆ ಸಮಾಧಾನ ಆಗಿದ್ದು ಇನ್ನೊಂದಕ್ಕೆ. ಒಂದು ರಾತ್ರಿ ಪಕ್ಕದ ಮನೆ ಅಜ್ಜಿಗೆ ಉಸಿರಾಟದ ತೊಂದರೆ ಆದಾಗ ೧೦೮ ಗಾಡಿ ಅದೇ ಏರು ಹತ್ತಿ ಬಾಗಿಲವರೆಗೂ ಬಂತು. ಚಿಕ್ಕಪ್ಪನ ಪಿಕಪ್ಪಿಗೆ ಎಂಟು ಚಕ್ರ ತಿರುಗಿದ್ರೂ ಆಂಬ್ಯುಲೆನ್ಸ್ ಕೆಳಗೇ ನಿಲ್ತಿತ್ತು.

ಚಿಕ್ಕಪ್ಪನ ಆಸೆ ಪೂರ್ತಿ ಹೋಗಿಲ್ಲ, ಮಲೆನಾಡಿನ ಜೀಪುಗಳ ವಿಡಿಯೋ ಈಗಲೂ ಕಳಿಸ್ತಾರೆ. ನಿಮ್ಮ ಊರ ಕಡೆ ಇಂಥ ದಾರಿಗೆ ಏನು ಮಾಡ್ತೀರಿ? ಗೊತ್ತಿರೋರು ತಿಳಿಸಿ, ಅವರಿಗೆ ಓದಿ ಹೇಳ್ತೀನಿ.