ಬಟವಾಡಿಯ ದಾರಿ, ಗಾಡಿಯ ಕಮಾನು

ಬೆಂಗಳೂರಿನಿಂದ ವಾಯವ್ಯಕ್ಕೆ ಹೊರಟ ಹೆದ್ದಾರಿಯು ಸುಮಾರು ೭೦ ಕಿಲೋಮೀಟರುಗಳ ಹಾದಿಯನ್ನು ಸವೆಸಿ, ಕ್ಯಾತಸಂದ್ರವನ್ನು ದಾಟಿ, ಸಿದ್ಧಗಂಗೆಯ ಬೆಟ್ಟವನ್ನು ಹಿಂದೆ ಬಿಟ್ಟು ತುಮಕೂರನ್ನು ಸಮೀಪಿಸುತ್ತಿರುವಂತೆಯೇ ಬಟವಾಡಿ ಎದುರಾಗುತ್ತದೆ. ಇಲ್ಲಿ ದಾರಿ ಕವಲೊಡೆಯುತ್ತದೆ. ದೂರದ ಲಾರಿಗಳು ಪಟ್ಟಣದ ಗೊಡವೆಗೆ ಹೋಗದೆ ಹೆದ್ದಾರಿಯಲ್ಲಿಯೇ ಶಿರಾ, ಚಿತ್ರದುರ್ಗಗಳ ಕಡೆಗೆ ಮುಖ ಮಾಡುತ್ತವೆ. ಊರೊಳಗೆ ಕೆಲಸವುಳ್ಳವರು ಬಿ.ಎಚ್. ರಸ್ತೆಯನ್ನು ಹಿಡಿಯುತ್ತಾರೆ. ಬೆಂಗಳೂರನ್ನೂ ಕಡಲ ತಡಿಯ ಹೊನ್ನಾವರವನ್ನೂ ಕೂಡಿಸುವ ಹಳೆಯ ಹೆದ್ದಾರಿಯ ನೆನಪು ಆ ಎರಡು ಅಕ್ಷರಗಳಲ್ಲಿ ಇಂದಿಗೂ ಉಳಿದಿದೆ. ಅದೇ ದಾರಿ ಪಟ್ಟಣವನ್ನು ಸೀಳಿಕೊಂಡು ಗುಬ್ಬಿ, ತಿಪಟೂರುಗಳತ್ತ ಹೋಗುತ್ತದೆ. ಕುಣಿಗಲ್ಲಿನ ದಾರಿ ದಕ್ಷಿಣಕ್ಕೆ, ಕೊರಟಗೆರೆ–ಮಧುಗಿರಿಗಳ ದಾರಿ ಉತ್ತರಕ್ಕೆ.

ಬಟವಾಡಿ ಎಂದೊಡನೆ ಅಂಚೆಯ ಬಟವಾಡೆ, ಸಂಬಳದ ಬಟವಾಡೆ ನೆನಪಿಗೆ ಬಂದರೆ ತಪ್ಪಲ್ಲ. ಹೆಸರಿನ ಮೂಲ ಏನೇ ಇರಲಿ, ಊರಿನ ಕಸುಬಿಗೆ ಅದು ಚೆನ್ನಾಗಿ ಒಪ್ಪುತ್ತದೆ. ಕೃಷಿ ಉತ್ಪನ್ನ ಮಾರುಕಟ್ಟೆಯ ಪ್ರಾಂಗಣವು ಇಲ್ಲಿಯೇ ಇದೆ. ಸುತ್ತಲಿನ ಸೀಮೆಯ ಹುಣಿಸೆ, ಅಡಕೆ, ರಾಗಿ ಇವೆಲ್ಲ ಇಲ್ಲಿಗೆ ಬಂದು, ಇಲ್ಲಿಂದ ನಾಲ್ಕು ದಿಕ್ಕಿಗೂ ಹಂಚಿಹೋಗುತ್ತವೆ. ಹೀಗೆ ಬಂದುಹೋಗುವ ಸರಕನ್ನು ಹಿಂದೆ ಹೊರುತ್ತಿದ್ದುದು ಎತ್ತಿನ ಬಂಡಿ. ಇಂದು ಆ ನೊಗಕ್ಕೆ ಹೆಗಲು ಕೊಟ್ಟಿರುವುದು ಪಿಕಪ್ ಗಾಡಿ. ಲಾರಿ ನುಗ್ಗಲಾರದ ತೋಟದ ಓಣಿಗೂ ಅದು ನುಗ್ಗುತ್ತದೆ. ಬಂಡಿ ಒಂದು ದಿನದಲ್ಲಿ ಮುಗಿಸಲಾರದ ದಾರಿಯನ್ನು ಒಂದು ಗಂಟೆಯಲ್ಲಿ ಮುಗಿಸುತ್ತದೆ. ಎಷ್ಟೋ ಮನೆಗಳ ಅನ್ನದ ತಟ್ಟೆಯೂ ಸಾಲದ ಕಂತೂ ಅದರ ನಾಲ್ಕು ಚಕ್ರಗಳ ಮೇಲೆಯೇ ನಿಂತಿವೆ.

ಇಂಥ ಗಾಡಿಯ ಒಡೆಯನಿಗೆ ಒಂದಲ್ಲ ಒಂದು ದಿನ ಒಂದು ಹಂಬಲ ಹುಟ್ಟುತ್ತದೆ: ಗಾಡಿ ಇನ್ನೂ ಎರಡು ಅಂಗುಲ ಎತ್ತರವಾಗಬೇಕು. ಹೊಲದ ಬದುವಿನಲ್ಲಿ ಹೊಟ್ಟೆ ತಾಗುತ್ತದೆ ಎಂಬುದು ಒಬ್ಬನ ದೂರು. ಮೂಟೆ ಹೇರಿದೊಡನೆ ಹಿಂಭಾಗ ಕುಸಿಯುತ್ತದೆ ಎಂಬುದು ಇನ್ನೊಬ್ಬನದು. ಎತ್ತರದ ಗಾಡಿಗೆ ಗತ್ತು ಹೆಚ್ಚು ಎಂಬುದು ಹರೆಯದ ಮೂರನೆಯವನ ಮನದ ಮಾತು. ಮೂವರೂ ಬಂದು ನಿಲ್ಲುವುದು ರಿಪೇರಿ ಅಂಗಡಿಯ ಬಾಗಿಲಿಗೇ.

“ಅಣ್ಣಾ, ಗಾಡೀನ ಒಂದು ಮೂರು ಇಂಚು ಎತ್ತಿಕೊಡ್ಬೇಕಲ್ಲ!”

“ಎತ್ತೋದೇನು ದೊಡ್ಡದಲ್ಲ ಕಣಪ್ಪ. ಎತ್ತಿದ ಮೇಲೆ ಬ್ರೇಕ್ ಹಿಡೀಬೇಕಲ್ಲ, ಅದು ದೊಡ್ಡದು.”

ಅನುಭವವುಳ್ಳ ಯಾವ ಮೇಸ್ತ್ರಿಯೂ ಕೊಡುವ ಉತ್ತರವಿದು. ಈ ಒಂದು ಮಾತಿನೊಳಗೆ ಅಡಗಿರುವ ವಿದ್ಯೆಯನ್ನು ಬಿಡಿಸಿ ನೋಡುವುದು ಗಾಡಿಯುಳ್ಳವರಿಗೂ, ಗಾಡಿಯ ಎದುರಿಗೆ ಬರುವವರಿಗೂ ಹಿತವೇ.

ಜಟಕಾದಿಂದ ಪಿಕಪ್‌ವರೆಗೆ

ಎತ್ತಿನ ಬಂಡಿಗೆ ಕಮಾನು ಇರಲಿಲ್ಲ. ಚಕ್ರಕ್ಕೆ ಬಿದ್ದ ಪೆಟ್ಟು ನೇರವಾಗಿ ಕುಳಿತವನ ಬೆನ್ನಿಗೇ ಮುಟ್ಟುತ್ತಿತ್ತು. ೧೮೦೪ರಲ್ಲಿ ಲಂಡನ್ನಿನ ಒಬಾಡಯ್ಯ ಎಲಿಯಟ್ ಎಂಬಾತನು ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ಬಿಲ್ಲಿನಂತೆ ಬಾಗಿಸಿದ ಕಮಾನಿಗೆ ಪೇಟೆಂಟು ಪಡೆದನು. ಆಮೇಲೆ ಕುದುರೆ ಸಾರೋಟುಗಳು ಹಗುರವಾದುವು, ಸವಾರಿ ಸುಖವಾಯಿತು. ಕುದುರೆಗಳ ಸಾಕಣೆಗೆ ಹೆಸರಾದ ಕುಣಿಗಲ್ಲಿನ ಸೀಮೆಗೆ, ಜಟಕಾ ಗಾಡಿಗಳು ಓಡಾಡಿದ ಮೈಸೂರು ದೇಶದ ಪಟ್ಟಣಗಳಿಗೆ ಆ ಬಾಗಿದ ಪಟ್ಟಿಗಳು ಹೊಸತಲ್ಲ. ಕುದುರೆ ಹೋಗಿ ಎಂಜಿನ್ನು ಬಂದರೂ ಕಮಾನು ಮಾತ್ರ ಹೋಗಲಿಲ್ಲ. ಇಂದಿನ ಪಿಕಪ್‌ನ ಹಿಂದಿನ ಅಚ್ಚಿನ ಮೇಲೆ ಕುಳಿತಿರುವುದೂ ಅದರ ವಂಶದ ಕುಡಿಯೇ.

ಕಮಾನು ಕಟ್ಟಿನ ರಚನೆ ಸರಳ. ಎಲ್ಲಕ್ಕೂ ಉದ್ದನೆಯ ಮೂಲ ಪಟ್ಟಿಯ ಎರಡು ತುದಿಗಳನ್ನು ಸುರುಳಿ ಸುತ್ತಿ ಕಣ್ಣುಗಳನ್ನು ಮಾಡಿರುತ್ತಾರೆ; ಆ ಕಣ್ಣುಗಳಲ್ಲಿ ರಬ್ಬರ್ ಬುಷ್ ಕೂರುತ್ತದೆ. ಒಂದು ಕಣ್ಣು ಚಾಸಿಗೆ ನೇರವಾಗಿ ಸೇರಿರುತ್ತದೆ. ಇನ್ನೊಂದು ಶ್ಯಾಕಲ್ ಎಂಬ ಜೋಕಾಲಿಯಲ್ಲಿ ತೂಗುತ್ತದೆ. ಭಾರ ಬಿದ್ದಾಗ ಕಮಾನು ಚಪ್ಪಟೆಯಾಗಿ ಉದ್ದವಾಗುವುದಷ್ಟೆ. ಆ ಹೆಚ್ಚಿದ ಉದ್ದಕ್ಕೆ ಜಾಗ ಕೊಡುವುದು ಜೋಕಾಲಿಯ ಕೆಲಸ. ಮೂಲ ಪಟ್ಟಿಯ ಕೆಳಗೆ ಒಂದಕ್ಕಿಂತ ಒಂದು ಗಿಡ್ಡನಾದ ಪಟ್ಟಿಗಳು. ನಡುವೆ ಸೆಂಟರ್ ಬೋಲ್ಟು. ಇಡೀ ಕಟ್ಟನ್ನು ಅಚ್ಚಿಗೆ ಬಿಗಿಯುವುದು ಯು-ಬೋಲ್ಟು.

ಪಟ್ಟಿಯ ಪ್ರಾಣವಿರುವುದು ಅದರ ಹದದಲ್ಲಿ. ಸಿಲಿಕಾನ್, ಮ್ಯಾಂಗನೀಸ್ ಬೆರೆತ ಉಕ್ಕನ್ನು ೮೫೦ ಡಿಗ್ರಿ ಸೆಲ್ಸಿಯಸ್ಸಿಗೂ ಮೇಲೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಅದಕ್ಕಿಂತ ಕಡಿಮೆ ಶಾಖದಲ್ಲಿ ಕಾಯಿಸಿ ಹದಕ್ಕೆ ತರುತ್ತಾರೆ. ಬಾಗಿದರೂ ಮತ್ತೆ ನಿಮಿರುವ ಗುಣ ಅದಕ್ಕೆ ಬರುವುದು ಹೀಗೆ. ಅಗ್ಗಕ್ಕೆ ಕೆಲಸ ಮುಗಿಸಬೇಕೆಂದು ಗ್ಯಾಸಿನ ಉರಿಯಲ್ಲಿ ಪಟ್ಟಿಯನ್ನು ಕೆಂಪಗೆ ಕಾಯಿಸಿ ಬಗ್ಗಿಸಿದರೆ ಎತ್ತರವೇನೋ ಅಂದೇ ಬರುತ್ತದೆ. ಹದ ಅಂದೇ ಹೋಗುತ್ತದೆ. ಕೆಲವು ತಿಂಗಳಲ್ಲಿ ಆ ಪಟ್ಟಿ ಕುಸಿಯುತ್ತದೆ, ಇಲ್ಲವೇ ನಡುದಾರಿಯಲ್ಲಿ ಮುರಿಯುತ್ತದೆ.

ಎತ್ತುವ ಬಗೆಗಳು

ಗಾಡಿಯ ಹಿಂಭಾಗವನ್ನು ಎತ್ತಲು ಮೇಸ್ತ್ರಿಗಳಿಗೆ ನಾಲ್ಕು ದಾರಿಗಳಿವೆ. ಹೆಚ್ಚು ಬಾಗಿರುವ ಹೊಸ ಕಮಾನು ಕಟ್ಟನ್ನೇ ಕೂರಿಸುವುದು ಒಂದು. ಇದ್ದ ಕಟ್ಟಿಗೆ ಇನ್ನೊಂದು ಪಟ್ಟಿಯನ್ನು ಸೇರಿಸುವುದು ಎರಡನೆಯದು. ಅಚ್ಚಿಗೂ ಕಮಾನಿಗೂ ನಡುವೆ ಕಬ್ಬಿಣದ ಬ್ಲಾಕನ್ನು ಇಡುವುದು ಮೂರನೆಯದು. ಉದ್ದನೆಯ ಶ್ಯಾಕಲ್ ಹಾಕುವುದು ನಾಲ್ಕನೆಯದು. ಇದರಲ್ಲಿ ಶ್ಯಾಕಲ್ ಎರಡು ಅಂಗುಲ ಉದ್ದವಾದರೆ ಗಾಡಿ ಸುಮಾರು ಒಂದೇ ಅಂಗುಲ ಏರುತ್ತದೆ, ಏಕೆಂದರೆ ಕಮಾನಿನ ಇನ್ನೊಂದು ತುದಿ ಇದ್ದಲ್ಲಿಯೇ ಇರುತ್ತದೆ.

ಪಟ್ಟಿ ಸೇರಿಸುವುದು ನಮ್ಮ ಕಡೆ ಹೆಚ್ಚು ಬಳಕೆಯ ದಾರಿ. ಆದರೆ ಅದು ಎತ್ತರದ ಜೊತೆಗೆ ಬಿಗಿತವನ್ನೂ ತರುತ್ತದೆ. ಒಂದೇ ದಪ್ಪದ ಐದು ಪಟ್ಟಿಗಳಿದ್ದಲ್ಲಿ ಆರನೆಯದು ಬಂದರೆ ಬಿಗಿತ ಸುಮಾರು ಐದನೆಯ ಒಂದು ಭಾಗದಷ್ಟು ಏರುತ್ತದೆ. ದಪ್ಪನೆಯ ಪಟ್ಟಿಯ ಲೆಕ್ಕ ಇನ್ನೂ ಕಟ್ಟುನಿಟ್ಟು: ದಪ್ಪ ಎರಡರಷ್ಟಾದರೆ ಆ ಪಟ್ಟಿಯ ಬಿಗಿತ ಎಂಟರಷ್ಟು. ಭಾರವಿರುವಾಗ ಇದು ಗುಣವೆಂದು ತೋರಬಹುದು. ಸರಕಿಳಿಸಿ ಬರಿದಾಗಿ ಮರಳುವಾಗ ಅದೇ ಗಾಡಿ ಪ್ರತಿ ಗುಂಡಿಗೂ ಕುಪ್ಪಳಿಸುತ್ತದೆ. ಚಕ್ರ ನೆಲವನ್ನು ಬಿಟ್ಟ ಆ ಕ್ಷಣಕ್ಕೆ ಬ್ರೇಕಿಗೆ ಹಿಡಿತವೆಲ್ಲಿ?

ಕೆಲಸಕ್ಕೂ ಒಂದು ಕ್ರಮವುಂಟು. ಗಾಡಿಯನ್ನು ಸಮತಟ್ಟು ನೆಲದಲ್ಲಿ ಬರಿದಾಗಿ ನಿಲ್ಲಿಸಿ, ಟೈರುಗಳ ಗಾಳಿಯನ್ನು ಸರಿಪಡಿಸಿ, ನಾಲ್ಕೂ ಚಕ್ರಗಳ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಅಳತೆ ತೆಗೆದುಕೊಳ್ಳಬೇಕು. ಅಳತೆಯಿಲ್ಲದೆ ಕೈಯಿಟ್ಟವನಿಗೆ ತಾನು ಎಷ್ಟು ಎತ್ತಿದೆನೆಂಬುದೇ ತಿಳಿಯದು. ಚಾಸಿಗೆ ಜಾಕ್ ಕೊಟ್ಟ ಮೇಲೆ ಗಟ್ಟಿ ಸ್ಟ್ಯಾಂಡುಗಳ ಮೇಲೆ ಗಾಡಿಯನ್ನು ಕೂರಿಸಬೇಕು. ಬರಿಯ ಜಾಕನ್ನು ನಂಬಿ ಅಡಿಗೆ ನುಸುಳುವುದು ಜೀವದೊಡನೆ ಜೂಜಾಟ. ಬಿಚ್ಚಿದ ಯು-ಬೋಲ್ಟುಗಳು ಎಳೆದು ಸವೆದಿರುತ್ತವೆ, ಆದ್ದರಿಂದ ಹೊಸವನ್ನೇ ಹಾಕಿ ಎದುರುಬದುರಾಗಿ ಸಮನಾಗಿ ಬಿಗಿಯಬೇಕು. ರಬ್ಬರ್ ಬುಷ್ಷುಗಳ ಬೋಲ್ಟನ್ನು ಕೊನೆಯ ಸಲ ಬಿಗಿಯುವುದು ಗಾಡಿಯು ತನ್ನ ಚಕ್ರಗಳ ಮೇಲೆ ನಿಂತ ಮೇಲೆಯೇ. ಗಾಳಿಯಲ್ಲಿ ತೂಗುತ್ತಿರುವಾಗ ಬಿಗಿದರೆ, ಇಳಿದೊಡನೆ ರಬ್ಬರು ತಿರುಚಿಕೊಂಡು ಬೇಗನೆ ಹರಿಯುತ್ತದೆ. ಕೆಲವು ನೂರು ಕಿಲೋಮೀಟರು ಓಡಿದ ಮೇಲೆ ಎಲ್ಲ ಬೋಲ್ಟುಗಳನ್ನೂ ಮತ್ತೊಮ್ಮೆ ಬಿಗಿಯದಿದ್ದರೆ ಮಾಡಿದ ಕೆಲಸ ಅರ್ಧವೇ ಸರಿ.

ಕಾಣದೆ ಉಳಿಯುವುದು

ಎತ್ತರ ಕಣ್ಣಿಗೆ ಕಾಣುತ್ತದೆ. ಅದರ ಬೆಲೆ ಕಾಣುವುದಿಲ್ಲ. ಚಾಸಿ ಮೇಲೇರಿದರೂ ಹಿಂದಿನ ಅಚ್ಚು ಇದ್ದಲ್ಲಿಯೇ ಇರುತ್ತದೆ. ಇವೆರಡರ ನಡುವೆ ಹಾದುಹೋಗುವುದೆಲ್ಲ ಎಳೆತಕ್ಕೆ ಸಿಗುತ್ತದೆ. ಬ್ರೇಕಿನ ರಬ್ಬರ್ ಹೋಸು ಗಿಡ್ಡವಾಗುತ್ತದೆ. ಷಾಕ್ ಅಬ್ಸಾರ್ಬರ್ ತನ್ನ ಕೊನೆಯವರೆಗೂ ಹಿಗ್ಗಿ ನಿಲ್ಲುತ್ತದೆ. ಪ್ರೊಪೆಲ್ಲರ್ ಷಾಫ್ಟಿನ ಓರೆ ಹೆಚ್ಚಿ ಅದರ ಕ್ರಾಸುಗಳು ನಡುಗುತ್ತ ಸವೆಯುತ್ತವೆ. ಮುಂಭಾಗವನ್ನು ಎತ್ತಿದರೆ ಚಕ್ರಗಳ ಓರೆಕೋರೆಗಳು ಬದಲಾಗಿ, ಅಲೈನ್‌ಮೆಂಟ್ ಮಾಡಿಸದ ಗಾಡಿ ಟೈರನ್ನು ತಿನ್ನತೊಡಗುತ್ತದೆ. ದೀಪಗಳ ಬೆಳಕು ಎದುರಿನವನ ಕಣ್ಣಿಗೇ ನೇರವಾಗಿ ಹೊಡೆಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು ಹಲವು ಪಿಕಪ್‌ಗಳ ಹಿಂದಿನ ಅಚ್ಚಿನ ಬಳಿ ಇರುವ ಒಂದು ಚಿಕ್ಕ ವಾಲ್ವು. ಅದರ ಸನ್ನೆಕೋಲು ಅಚ್ಚಿಗೂ ಚಾಸಿಗೂ ನಡುವಿನ ಅಂತರವನ್ನು ಅಳೆಯುತ್ತಿರುತ್ತದೆ. ಅಂತರ ಕಡಿಮೆಯಾದರೆ ಗಾಡಿಯಲ್ಲಿ ಭಾರವಿದೆ ಎಂದು ತಿಳಿದು ಹಿಂದಿನ ಬ್ರೇಕುಗಳಿಗೆ ಹೆಚ್ಚು ಒತ್ತಡವನ್ನು ಬಿಡುತ್ತದೆ. ಅಂತರ ಹೆಚ್ಚಿದ್ದರೆ ಗಾಡಿ ಬರಿದಾಗಿದೆ ಎಂದು ಬಗೆದು ಒತ್ತಡವನ್ನು ತಡೆಯುತ್ತದೆ. ಎತ್ತಿದ ಗಾಡಿಯಲ್ಲಿ ಈ ಸನ್ನೆಕೋಲನ್ನು ಸರಿಹೊಂದಿಸದೆ ಬಿಟ್ಟರೆ, ಮೂಟೆಗಳು ತುಂಬಿದ್ದರೂ ವಾಲ್ವು ಬರಿ ಗಾಡಿಯೆಂದೇ ನಂಬಿರುತ್ತದೆ. ಇಳಿಜಾರಿನಲ್ಲಿ ಹಿಂದಿನ ಚಕ್ರಗಳು ಹಿಡಿಯಬೇಕಾದಷ್ಟು ಹಿಡಿಯುವುದಿಲ್ಲ. ಮೇಸ್ತ್ರಿಯ ಮಾತಿನ ಮರ್ಮ ಇದೇ.

ಇನ್ನು ಉರುಳುವ ಭಯ. ಎಡಬಲ ಚಕ್ರಗಳ ನಡುವಿನ ಅಗಲದ ಅರ್ಧವನ್ನು ಭಾರಕೇಂದ್ರದ ಎತ್ತರದಿಂದ ಭಾಗಿಸಿದರೆ ಗಾಡಿಯ ನಿಲುವಿನ ಅಳತೆ ಸಿಗುತ್ತದೆ. ಚಕ್ರಗಳ ಅಂತರ ೧,೪೦೦ ಮಿಲಿಮೀಟರು, ಭಾರಕೇಂದ್ರ ೭೦೦ ಮಿಲಿಮೀಟರು ಎತ್ತರದಲ್ಲಿದೆ ಎಂದಿಟ್ಟುಕೊಳ್ಳೋಣ, ಅಳತೆ ೧. ಕೇಂದ್ರ ೬೦ ಮಿಲಿಮೀಟರು ಏರಿದರೆ ಅದು ೦.೯೨ಕ್ಕೆ ಇಳಿಯುತ್ತದೆ. ಅದರ ಮೇಲೆ ರಾಗಿ ಹುಲ್ಲನ್ನೋ ತೆಂಗಿನ ನಾರನ್ನೋ ಬೆಟ್ಟದಂತೆ ಹೇರಿ ಕೇಂದ್ರವನ್ನು ಒಂದು ಮೀಟರಿಗೆ ಒಯ್ದರೆ ಉಳಿಯುವುದು ೦.೭ ಮಾತ್ರ. ದೇವರಾಯನದುರ್ಗದ ಬೆಟ್ಟದ ತಿರುವುಗಳಲ್ಲಿ ಈ ಭಿನ್ನರಾಶಿಯೇ ಚಾಲಕನ ಆಯುಷ್ಯದ ಲೆಕ್ಕ. ಮದುವೆಗೋ ಜಾತ್ರೆಗೋ ಹೊರಟ ಜನರನ್ನು ಸರಕಿನ ತೊಟ್ಟಿಯಲ್ಲಿ ನಿಲ್ಲಿಸಿಕೊಂಡು ಹೋಗುವುದು ಕಾನೂನಿಗೆ ವಿರುದ್ಧ. ನಿಂತ ಜನರ ಭಾರವೂ ಎತ್ತರದಲ್ಲಿಯೇ ಇರುತ್ತದೆ ಎಂಬುದನ್ನು ನೆನೆದರೆ ಆ ಕಾನೂನಿನ ಕಾರಣವೂ ತಿಳಿಯುತ್ತದೆ.

ಕಲ್ಲುದಾರಿಯ ಅಡ್ಡಿಯಿಂದ ಪಾರಾಗಲು ಎತ್ತಿಸುವವರಿಗೆ ಕಾದಿರುವ ನಿರಾಸೆ ಇನ್ನೊಂದು ಬಗೆಯದು. ಗಾಡಿಯಲ್ಲಿ ಎಲ್ಲಕ್ಕಿಂತ ಕೆಳಗಿರುವುದು ಹೆಚ್ಚಾಗಿ ಹಿಂದಿನ ಅಚ್ಚಿನ ನಡುವಿನ ಡಿಫರೆನ್ಷಿಯಲ್ ಉಂಡೆ. ಅದು ಅಚ್ಚಿನೊಡನೆಯೇ ಇರುವುದರಿಂದ ಕಮಾನನ್ನು ಎಷ್ಟು ಎತ್ತಿದರೂ ಕೂದಲೆಳೆಯಷ್ಟೂ ಏರುವುದಿಲ್ಲ. ತೊಟ್ಟಿ ಏರಿತು, ಕಲ್ಲಿಗೆ ತಾಗುವ ಉಂಡೆ ತಾಗುತ್ತಲೇ ಇತ್ತು!

ಎತ್ತರ ಬೇರೆ, ತ್ರಾಣ ಬೇರೆ

ಪಟ್ಟಿ ಸೇರಿಸಿದ ಗಾಡಿ ಹೆಚ್ಚು ಭಾರ ಹೊರುತ್ತದೆ ಎಂಬ ನಂಬಿಕೆ ಹಳ್ಳಿ ಪಟ್ಟಣಗಳಲ್ಲೆಲ್ಲ ಹಬ್ಬಿದೆ. ಪಟ್ಟಿಯೇನೋ ಗಟ್ಟಿಯಾಯಿತು, ಅಚ್ಚು, ಬೇರಿಂಗು, ಟೈರು, ಬ್ರೇಕು, ಚಾಸಿ ಇವೆಲ್ಲ ಕಾರ್ಖಾನೆಯಿಂದ ಬಂದ ಹಾಗೆಯೇ ಇವೆ. ಹೇರಿದಾಗ ಹಿಂಭಾಗ ಕುಸಿಯುವುದು ‘ಸಾಕು’ ಎಂದು ಗಾಡಿ ಹೇಳುವ ಮಾತು. ಪಟ್ಟಿ ಸೇರಿಸಿದವನು ಆ ಬಾಯನ್ನು ಮುಚ್ಚಿಸುತ್ತಾನೆಯೇ ಹೊರತು ಹೊರೆಯನ್ನು ಇಳಿಸುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚೆಂಬ ಗಾದೆ ಇಲ್ಲಿಯೂ ಸಲ್ಲುತ್ತದೆ.

ಕಾನೂನೂ ಇದನ್ನೇ ಹೇಳುತ್ತದೆ. ತಯಾರಕರು ಕೊಟ್ಟು ನೋಂದಣಿಯಲ್ಲಿ ದಾಖಲಾದ ಮೂಲ ಸ್ವರೂಪಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು ೨೦೧೯ರ ಜನವರಿಯಲ್ಲಿ ತೀರ್ಪಿತ್ತಿತು. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ ಮೇರೆಗೆ ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೇ ಒಂದೊಂದು ಮಾರ್ಪಾಡಿಗೂ ೫,೦೦೦ ರೂಪಾಯಿ ದಂಡ, ಇಲ್ಲವೇ ಎರಡೂ ಆಗಬಹುದು. ಮಿತಿ ಮೀರಿದ ಭಾರಕ್ಕೆ ೨೦,೦೦೦ ರೂಪಾಯಿ. ಅದರ ಮೇಲೆ ಹೆಚ್ಚಿನ ಒಂದೊಂದು ಟನ್ನಿಗೂ ೨,೦೦೦ ರೂಪಾಯಿ.

ಹಾಗಾದರೆ ಕುಸಿದ ಗಾಡಿಯ ಒಡೆಯನಿಗೆ ದಾರಿಯಿಲ್ಲವೆ? ಇದೆ. ವರ್ಷಗಟ್ಟಲೆ ದುಡಿದ ಪಟ್ಟಿಗಳು ತಮ್ಮ ಬಾಗನ್ನು ತಾವೇ ಕಳೆದುಕೊಂಡಿರುತ್ತವೆ, ಬುಷ್ಷುಗಳು ಸವೆದಿರುತ್ತವೆ. ಎಷ್ಟೋ ಸಲ ಗಾಡಿಗೆ ಬೇಕಾಗಿರುವುದು ಹೊಸ ಎತ್ತರವಲ್ಲ, ಕಳೆದುಹೋದ ಹಳೆಯ ಎತ್ತರ. ತಯಾರಕರು ಹೇಳಿದ ಅಳತೆಯ ಕಮಾನು ಕಟ್ಟನ್ನೇ ಹೊಸದಾಗಿ ಹಾಕಿ, ಬುಷ್ಷುಗಳನ್ನೂ ಯು-ಬೋಲ್ಟುಗಳನ್ನೂ ಬದಲಿಸಿದರೆ ಗಾಡಿ ತನ್ನ ಮೊದಲಿನ ನಿಲುವಿಗೆ ಬರುತ್ತದೆ. ಕಾಗದಪತ್ರಕ್ಕೂ ಬ್ರೇಕಿಗೂ ಭಂಗವಿಲ್ಲ. ಹೊಸ ಕಟ್ಟು ಹಾಕಿದ ಮೇಲೂ ಹಿಂಭಾಗ ಕುಸಿಯುತ್ತಿದ್ದರೆ ಕೊರತೆ ಕಮಾನಿನದಲ್ಲ, ಹೇರುವವನ ಲೆಕ್ಕದ್ದು. ಆಗ ಹೋಗಬೇಕಾದುದು ಮೇಸ್ತ್ರಿಯ ಬಳಿಗಲ್ಲ, ತೂಕದ ಸೇತುವೆಗೆ. ಉಳಿದ ಮೂಟೆಗಳಿಗೆ ಇನ್ನೊಂದು ಬಾಡಿಗೆಯಾದರೂ ಆಗಲಿ, ಗಾಡಿಯೂ ಗಾಡಿ ಓಡಿಸುವವನೂ ಸಂಜೆಗೆ ಮನೆ ಸೇರುತ್ತಾರೆ.